ಮುಟ್ಟದೆ ನಾಡಿ ನೋಡುವ ಕ್ಯಾಮರಾ

ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು ನಾಡಿಯನ್ನು ಪರೀಕ್ಷಿಸುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ಬಂದದ್ದು. ಶಾರ್ಙ್ಗಧರ ಸಂಹಿತೆಯಲ್ಲಿಯೇ ಅದರ ವಿವರಣೆಯಿದೆ. ಯೂರೋಪಿನಲ್ಲಿ ೧೭ನೆಯ ಶತಮಾನದ ಆದಿಭಾಗದಲ್ಲಿ ಸ್ಯಾಂಟೋರಿಯೋ ಎಂಬ ವೈದ್ಯನು ಲೋಲಕದ ದಾರವನ್ನು ಉದ್ದ ಗಿಡ್ಡ ಮಾಡಿ, ಅದರ ತೂಗಾಟವನ್ನು ನಾಡಿಯ ಬಡಿತಕ್ಕೆ ಸರಿಹೊಂದಿಸಿ, ದಾರದ ಉದ್ದದಿಂದಲೇ ನಾಡಿಯ ವೇಗವನ್ನು ಗೊತ್ತುಮಾಡಿದನು. ೧೭೦೭ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ನಾಡಿಯನ್ನೆಣಿಸಲೆಂದೇ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ, ಅದರ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಈ ಎಲ್ಲ ವಿಧಾನಗಳಲ್ಲಿಯೂ ಒಂದು ಅಂಶ ಸಮಾನವಾದುದು. ರೋಗಿಯನ್ನು ಮುಟ್ಟದೆ ನಾಡಿಯನ್ನು ತಿಳಿಯುವಂತಿರಲಿಲ್ಲ.

ಈಗ ಹಾಗಲ್ಲ. ನಾಲ್ಕಾರು ಅಡಿ ದೂರದಲ್ಲಿಟ್ಟ ಸಾಧಾರಣ ವೀಡಿಯೋ ಕ್ಯಾಮರಾ ಒಂದು, ಕುರ್ಚಿಯಲ್ಲಿ ಸುಮ್ಮನೆ ಕುಳಿತ ಮನುಷ್ಯನ ಮುಖವನ್ನು ಅರ್ಧ ನಿಮಿಷ ಚಿತ್ರಿಸಿದರೆ ಸಾಕು. ಆತನ ಹೃದಯವು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ, ಆತನು ಎಷ್ಟು ಸಲ ಉಸಿರಾಡುತ್ತಿದ್ದಾನೆ ಎಂಬುದನ್ನು ಆ ಚಿತ್ರಗಳಿಂದ ಗಣಿಸಿ ಹೇಳಬಹುದು. ಇದರಲ್ಲಿ ಮಾಟವೇನೂ ಇಲ್ಲ. ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ನಾವು ಓದುವ ಬೆಳಕಿನ ಪಾಠ, ಸರಾಸರಿಯ ಲೆಕ್ಕ, ತರಂಗಗಳ ಪಾಠ, ಇವು ಮೂರೂ ಸೇರಿ ಈ ಕೆಲಸವನ್ನು ಮಾಡುತ್ತವೆ. ಅದು ಹೇಗೆ, ಮತ್ತು ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಲೆನಾಡಿಗೆ ಇದರಿಂದೇನು?

ನಾಡಿ, ಉಸಿರು, ದೇಹದ ಉಷ್ಣತೆ, ರಕ್ತದ ಒತ್ತಡ, ಇವನ್ನು ವೈದ್ಯರು ಪ್ರಾಣಲಕ್ಷಣಗಳೆಂದು ಕರೆಯುತ್ತಾರೆ. ಇವುಗಳ ಮೇಲೆ ಎಡೆಬಿಡದೆ ಕಣ್ಣಿಟ್ಟಿರಬೇಕಾದ ಒಂದು ರೋಗವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನಕ್ಕೆ ಚೆನ್ನಾಗಿ ಗೊತ್ತು. ಅದೇ ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗದ ವೈರಸ್ಸು ಕಾಡಿನ ಉಣುಗುಗಳಲ್ಲಿ ಇರುತ್ತದೆ. ಚಳಿಗಾಲದಿಂದ ಮುಂಗಾರಿನವರೆಗಿನ ಒಣ ತಿಂಗಳುಗಳಲ್ಲಿ ಸೌದೆಗೆ, ದರಗಿಗೆ, ದನ ಮೇಯಿಸುವುದಕ್ಕೆ ಕಾಡಿಗೆ ಹೋದವರನ್ನು ಈ ಉಣುಗು ಕಚ್ಚುತ್ತದೆ. ೨೦೨೪ರಲ್ಲಿಯೂ ಈ ಮೂರು ತಾಲ್ಲೂಕುಗಳಲ್ಲಿ ರೋಗವು ಕಾಣಿಸಿಕೊಂಡಿತು.

ರೋಗವು ಹಠಾತ್ತಾಗಿ ಬರುವ ಜ್ವರ, ತೀವ್ರ ತಲೆನೋವು, ಮೈಕೈ ನೋವುಗಳಿಂದ ಆರಂಭವಾಗುತ್ತದೆ. ಕೆಲವರಲ್ಲಿ ರಕ್ತಸ್ರಾವವಾಗುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ವಾಸಿಯಾಯಿತೆಂದುಕೊಂಡ ಮೇಲೆ, ಮೂರನೆಯ ವಾರದಲ್ಲಿ ಜ್ವರವು ಮರಳಿ ಬರುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ಸಿದ್ಧೌಷಧವಿಲ್ಲ. ದೇಹದಲ್ಲಿ ದ್ರವಾಂಶವು ಕಡಮೆಯಾಗದಂತೆ ನೋಡಿಕೊಂಡು, ಲಕ್ಷಣಗಳು ಬದಲಾದೊಡನೆ ತಕ್ಕ ಉಪಚಾರ ಮಾಡುವುದೇ ಚಿಕಿತ್ಸೆ. ಎಂದರೆ ಇಲ್ಲಿ ಗಮನಿಸುವುದೇ ಅರ್ಧ ಚಿಕಿತ್ಸೆ.

ಈ ರೋಗದ ನಾಡಿಯಲ್ಲಿ ಒಂದು ವಿಶೇಷವುಂಟು. ಸಾಮಾನ್ಯವಾಗಿ ಜ್ವರವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿಯು ನಿಮಿಷಕ್ಕೆ ಸುಮಾರು ಎಂಟು ಹತ್ತು ಬಡಿತ ಹೆಚ್ಚುತ್ತದೆ. ಮಂಗನ ಕಾಯಿಲೆಯಲ್ಲಿ ಜ್ವರವು ಏರಿದ್ದರೂ ನಾಡಿಯು ಮಂದವಾಗಿಯೇ ಇರುವುದುಂಟು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬಹಳ ಮುಖ್ಯವಾಗುತ್ತದೆ.

ಮತ್ತೊಂದು ಮಾತು. ಮಂಗನ ಕಾಯಿಲೆಯು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವಲ್ಲ. ಆದ್ದರಿಂದ ರೋಗಿಯನ್ನು ಮುಟ್ಟಲು ಅಂಜಿ ಕ್ಯಾಮರಾ ಬೇಕೆನ್ನುವುದಕ್ಕೆ ಕಾರಣವಿಲ್ಲ. ದಾದಿಯರು ದಿನಕ್ಕೆ ಕೆಲವು ಸಲ ಬಂದು ನಾಡಿ ನೋಡಿ ಹೋಗುತ್ತಾರಷ್ಟೆ. ಆ ಎರಡು ಭೇಟಿಗಳ ನಡುವಣ ಹೊತ್ತಿನಲ್ಲಿ ನೋಡುವವರಾರು? ದೊಡ್ಡ ಆಸ್ಪತ್ರೆಯು ಘಟ್ಟದ ರಸ್ತೆಯಲ್ಲಿ ಗಂಟೆಗಟ್ಟಲೆ ಪ್ರಯಾಣದ ದೂರದಲ್ಲಿರುವಾಗ, ರೋಗಿಯನ್ನು ಅಲ್ಲಿಗೆ ಯಾವಾಗ ಸಾಗಿಸಬೇಕೆಂಬ ನಿರ್ಧಾರವು ಆ ನಡುವಣ ಹೊತ್ತಿನಲ್ಲಿ ಕಂಡುಬರುವ ಬದಲಾವಣೆಯನ್ನೇ ಅವಲಂಬಿಸಿರುತ್ತದೆ. ದೂರದಿಂದಲೇ ಎಡೆಬಿಡದೆ ನೋಡುವ ಉಪಕರಣದ ಉಪಯೋಗವು ಇಲ್ಲಿದೆ.

ಚರ್ಮದೊಳಗೆ ಬೆಳಕು

ಹೃದಯವು ಒಮ್ಮೆ ಸಂಕುಚಿಸಿದಾಗ ಸ್ವಲ್ಪ ರಕ್ತವು ಅಪಧಮನಿಗಳಿಗೆ ನುಗ್ಗುತ್ತದೆ. ಆ ಒತ್ತಡದ ಅಲೆಯು ಮುಖದ ಚರ್ಮದಲ್ಲಿರುವ ಸೂಕ್ಷ್ಮ ನಾಳಗಳನ್ನೂ ತಲಪುತ್ತದೆ. ಆ ಕ್ಷಣದಲ್ಲಿ ಅಲ್ಲಿ ರಕ್ತವು ತುಸು ಹೆಚ್ಚು; ಮರುಕ್ಷಣದಲ್ಲಿ ತುಸು ಕಡಮೆ. ರಕ್ತವು ಹೆಚ್ಚಾದಾಗ ಚರ್ಮವು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಹೀಗಾಗಿ ನಮ್ಮ ಮುಖವು ಪ್ರತಿ ಬಡಿತಕ್ಕೂ ಬಹಳ ಅಲ್ಪ ಪ್ರಮಾಣದಲ್ಲಿ ಕಪ್ಪಿಡುತ್ತದೆ, ಮತ್ತೆ ತಿಳಿಯಾಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ.

ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗವು ಹೊರಮೈಯಿಂದಲೇ ಪ್ರತಿಫಲಿಸುತ್ತದೆ. ಬೆವರಿದ ಹಣೆಯ ಹೊಳಪು ಇದೇ. ಈ ಬೆಳಕು ಒಳಗೆ ಹೋಗದ ಕಾರಣ ರಕ್ತದ ಸಮಾಚಾರವನ್ನು ತಿಳಿಯದು. ಉಳಿದ ಬೆಳಕು ಒಳಹೊಕ್ಕು, ಮಂಜಿನಲ್ಲಿ ದೀಪದ ಬೆಳಕು ಚದರುವಂತೆ ಚದರುತ್ತದೆ. ದಾರಿಯಲ್ಲಿ ಕೊಂಚ ಭಾಗವನ್ನು ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಹೀರುತ್ತದೆ. ಕೊಂಚ ಭಾಗವನ್ನು ರಕ್ತದ ಹೀಮೋಗ್ಲೋಬಿನ್ ಹೀರುತ್ತದೆ. ಮಿಕ್ಕದ್ದು ಹೊರಬಂದು ಕ್ಯಾಮರಾವನ್ನು ಸೇರುತ್ತದೆ. ನಾಡಿಯ ವಾರ್ತೆಯನ್ನು ತರುವುದು ಈ ಮಿಕ್ಕ ಬೆಳಕು.

ಕ್ಯಾಮರಾವು ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ಇವುಗಳಲ್ಲಿ ನಾಡಿಯು ಹೆಚ್ಚು ಸ್ಪಷ್ಟವಾಗಿ ಕಾಣುವುದು ಯಾವುದರಲ್ಲಿ? ರಕ್ತವು ಕೆಂಪಾಗಿರುವುದರಿಂದ ಕೆಂಪಿನಲ್ಲಿರಬೇಕೆಂದು ಅನೇಕರು ಊಹಿಸುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧ. ರಕ್ತವು ಕೆಂಪಾಗಿ ಕಾಣುವುದು ಅದು ಕೆಂಪನ್ನು ಹೀರದೆ ಬಿಟ್ಟುಕೊಡುವುದರಿಂದಲೇ. ಹೀರದ ಬಣ್ಣದಲ್ಲಿ ರಕ್ತದ ಏರಿಳಿತವು ತೋರುವುದು ಕಷ್ಟ. ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ ಹಸುರು ಹಳದಿಗಳ ವಲಯದಲ್ಲಿ, ೫೪೦ ಮತ್ತು ೫೭೭ ನ್ಯಾನೋಮೀಟರ್ ತರಂಗದೂರಗಳ ಬಳಿ, ಬೆಳಕನ್ನು ಚೆನ್ನಾಗಿ ಹೀರುತ್ತದೆ. ನೀಲಿಯ ಅಂಚಿನಲ್ಲಿ ಅದರ ಹೀರಿಕೆ ಇನ್ನೂ ಪ್ರಬಲವಾದರೂ, ನೀಲಿ ಬೆಳಕು ಚರ್ಮದಲ್ಲಿ ಆಳಕ್ಕಿಳಿಯದೆ, ಮಿಡಿಯುವ ನಾಳಗಳನ್ನು ತಲಪುವ ಮೊದಲೇ ಬಹುಮಟ್ಟಿಗೆ ಕ್ಷಯಿಸುತ್ತದೆ. ಆದ್ದರಿಂದ ಹಸುರೇ ಉತ್ತಮ.

ಬೆರಳಿಗೆ ದೀಪವನ್ನೂ ದ್ಯುತಿಕೋಶವನ್ನೂ ತಗುಲಿಸಿ ಈ ಏರಿಳಿತವನ್ನು ಅಳೆಯುವ ಕ್ರಮವನ್ನು ೧೯೩೭ರಲ್ಲಿ ಅಮೆರಿಕದ ಆಲ್‌ರಿಕ್ ಹರ್ಟ್ಜ್‌ಮನ್ ವಿವರಿಸಿದನು. ೧೯೭೪ರಲ್ಲಿ ಜಪಾನಿನ ಟಕುಓ ಅಓಯಾಗಿ ಎರಡು ಬಣ್ಣಗಳ ಏರಿಳಿತವನ್ನು ಹೋಲಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಮಾರ್ಗವನ್ನು ತೋರಿಸಿದನು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಕಚ್ಚಿಸುವ ಪುಟ್ಟ ಆಕ್ಸಿಮೀಟರು ಇದರ ಸಂತಾನ. ೨೦೦೮ರಲ್ಲಿ ಕ್ಯಾಲಿಫೋರ್ನಿಯದ ವೆರ್‌ಕ್ರೈಸೆ, ಸ್ವಾಸಂಡ್, ನೆಲ್ಸನ್ ಎಂಬ ಮೂವರು ವಿಶೇಷ ದೀಪವಾವುದೂ ಇಲ್ಲದೆ, ಸುತ್ತಲಿನ ಬೆಳಕಿನಲ್ಲಿಯೇ, ಪೇಟೆಯಲ್ಲಿ ಸಿಗುವ ಸಾಧಾರಣ ಕ್ಯಾಮರಾದಿಂದ ಮುಖದ ನಾಡಿಯನ್ನು ಗುರುತಿಸಿದರು. ೨೦೧೦ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪೋ, ಮೆಕ್‌ಡಫ್, ಪಿಕಾರ್ಡ್ ಇವರು ಗಣಕಯಂತ್ರದ ಪುಟ್ಟ ಕ್ಯಾಮರಾದಿಂದಲೂ ಇದನ್ನು ಸಾಧಿಸಿದರು.

ಒಂದಕ್ಕಿಂತ ಕಡಮೆಯಾದುದನ್ನು ಅಳೆಯುವ ಬಗೆ

ಇಲ್ಲೊಂದು ಸಂದೇಹವು ಏಳುವುದು ಸಹಜ. ಸಾಧಾರಣ ಕ್ಯಾಮರಾವು ಪ್ರತಿಯೊಂದು ಚಿತ್ರಕಣದ ಹೊಳಪನ್ನು ೦ಯಿಂದ ೨೫೫ರವರೆಗಿನ ಪೂರ್ಣಾಂಕದಲ್ಲಿ ಬರೆಯುತ್ತದೆ. ಹಣೆಯ ಒಂದು ಕಣದ ಹಸುರು ಹೊಳಪು ೧೫೦ ಎಂದಿಟ್ಟುಕೊಳ್ಳೋಣ. ನಾಡಿಯಿಂದ ಅದರಲ್ಲಾಗುವ ಬದಲಾವಣೆ ೦.೩ರಷ್ಟು ಮಾತ್ರ. ಒಂದಕ್ಕಿಂತ ಕಡಮೆಯಾದ ಅಂಕವನ್ನೇ ಬರೆಯದ ಕ್ಯಾಮರಾದಿಂದ ೦.೩ನ್ನು ಹೇಗೆ ಅಳೆಯುವುದು? ಸಾಲದುದಕ್ಕೆ ಕ್ಯಾಮರಾದ ಅಂಕವು ತನಗೆ ತಾನೇ ಎರಡರಷ್ಟು ಮೇಲೆ ಕೆಳಗೆ ತೊನೆಯುತ್ತಿರುತ್ತದೆ. ಇದನ್ನು ಗದ್ದಲವೆಂದು ಕರೆಯೋಣ.

ಅಡಕೆಯ ಮೂಟೆಯನ್ನು ತೂಗುವ ಒಂದು ತಕ್ಕಡಿಯನ್ನು ಭಾವಿಸಿ. ಅದು ಪೂರ್ಣ ಕಿಲೋಗಳನ್ನು ಮಾತ್ರ ತೋರಿಸುತ್ತದೆ. ಮೂಟೆಯ ನಿಜವಾದ ತೂಕ ೫೦.೩ ಕಿಲೋ. ತಕ್ಕಡಿಯು ಅಲುಗಾಡದೆ ನಿಂತರೆ ಸಾವಿರ ಸಲ ತೂಗಿದರೂ ೫೦ ಎಂದೇ ಹೇಳುತ್ತದೆ. ಆದರೆ ತಕ್ಕಡಿಯು ತುಸು ನಡುಗುತ್ತಿದ್ದರೆ ಒಮ್ಮೆ ೪೯, ಒಮ್ಮೆ ೫೧, ಒಮ್ಮೆ ೫೦ ಎಂದು ತೋರಿಸುತ್ತದೆ. ೫೧ ಬರುವುದು ೪೯ಕ್ಕಿಂತ ಹೆಚ್ಚು ಸಲ. ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೆ ೫೦.೩ ದೊರೆಯುತ್ತದೆ! ನಡುಕವೇ ಇಲ್ಲಿ ಉಪಕಾರ ಮಾಡಿತು. ಕ್ಯಾಮರಾದ ಗದ್ದಲವೂ ಹಾಗೆಯೇ.

ಹಣೆಯ ಮೇಲೆ ನೂರು ಕಣ ಅಗಲ, ನೂರು ಕಣ ಎತ್ತರದ ಒಂದು ಚೌಕವನ್ನು ಆರಿಸಿದರೆ ಅದರಲ್ಲಿ ೧೦,೦೦೦ ಕಣಗಳಿವೆ. ಪರಸ್ಪರ ಸಂಬಂಧವಿಲ್ಲದ ತೊನೆತಗಳ ಸರಾಸರಿ ತೆಗೆದಾಗ ಗದ್ದಲವು ಕಣಸಂಖ್ಯೆಯ ವರ್ಗಮೂಲದಷ್ಟು ಪಟ್ಟು ತಗ್ಗುತ್ತದೆ. ೧೦,೦೦೦ದ ವರ್ಗಮೂಲ ೧೦೦. ಆದ್ದರಿಂದ ಎರಡರಷ್ಟಿದ್ದ ಗದ್ದಲವು ೦.೦೨ಕ್ಕೆ ಇಳಿಯುತ್ತದೆ. ನಾಡಿಯ ೦.೩ ಅದಕ್ಕಿಂತ ಹದಿನೈದು ಪಟ್ಟು ದೊಡ್ಡದು. ಒಂದು ಕಣದಲ್ಲಿ ಹೂತುಹೋಗಿದ್ದ ನಾಡಿಯು ಹತ್ತು ಸಾವಿರ ಕಣಗಳ ಸಾಕ್ಷ್ಯದಿಂದ ಎದ್ದು ಕಾಣುತ್ತದೆ.

ತಲೆಯ ಅಲುಗಾಟವು ಇದಕ್ಕಿಂತ ದೊಡ್ಡ ತೊಡಕು. ತಲೆಯು ಕೊಂಚ ಓರೆಯಾದರೆ ಹಣೆಯ ಮೇಲಿನ ಬೆಳಕು ನೂರಕ್ಕೆ ಎರಡರಷ್ಟು ಬದಲಾದೀತು. ಅದು ನಾಡಿಯ ಏರಿಳಿತದ ಹತ್ತರಷ್ಟಾಯಿತು. ಆದರೆ ಬೆಳಕು ಕಡಮೆಯಾದಾಗ ಕೆಂಪು, ಹಸುರು, ನೀಲಿ ಮೂರೂ ಒಂದೇ ಪ್ರಮಾಣದಲ್ಲಿ ಕಡಮೆಯಾಗುತ್ತವೆ. ರಕ್ತವು ಹೆಚ್ಚಿದಾಗಲಾದರೋ ಹಸುರು ಹೆಚ್ಚಾಗಿಯೂ ಕೆಂಪು ಅಲ್ಪವಾಗಿಯೂ ತಗ್ಗುತ್ತವೆ. ಹಸುರನ್ನು ಕೆಂಪಿನಿಂದ ಭಾಗಿಸಿದರೆ ಅಲುಗಾಟವು ಬಹುಪಾಲು ಅಳಿಸಿಹೋಗಿ ನಾಡಿಯು ಉಳಿಯುತ್ತದೆ. ಹೊರಮೈಯ ಹೊಳಪು ಸೇರಿದಾಗ ಇಷ್ಟು ಸರಳವಾಗಿ ಸಾಗುವುದಿಲ್ಲ. ೨೦೧೩ರಲ್ಲಿ ಡಚ್ ಸಂಶೋಧಕ ಗೆರಾರ್ಡ್ ದ ಹಾನ್ ಮತ್ತು ಅವರ ಸಹೋದ್ಯೋಗಿ ವಿನ್ಸೆಂಟ್ ಜಾನ್ ಇವರು ಬಣ್ಣಗಳ ವ್ಯತ್ಯಾಸಗಳನ್ನು ಯುಕ್ತಿಯಿಂದ ಜೋಡಿಸಿ ಈ ತೊಡಕನ್ನೂ ಬಹುಮಟ್ಟಿಗೆ ನಿವಾರಿಸಿದರು.

ಆವೃತ್ತಿಯನ್ನು ಹುಡುಕುವುದು, ಮೋಸಹೋಗದಿರುವುದು

ಹೀಗೆ ಸೆಕೆಂಡಿಗೆ ೩೦ ಚಿತ್ರಗಳಂತೆ, ೩೦ ಸೆಕೆಂಡಿನಲ್ಲಿ ೯೦೦ ಅಂಕಗಳು ಸಿಗುತ್ತವೆ. ಇವುಗಳಲ್ಲಿ ಮತ್ತೆ ಮತ್ತೆ ಬರುವ ಲಯವಾವುದೆಂಬುದನ್ನು ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞನ ವಿಧಾನದಿಂದ ಹುಡುಕುತ್ತಾರೆ. ನಾಡಿಯು ೦.೭ರಿಂದ ೪ ಹರ್ಟ್ಜ್, ಎಂದರೆ ನಿಮಿಷಕ್ಕೆ ೪೨ರಿಂದ ೨೪೦ ಬಡಿತಗಳ ನಡುವೆ ಇರುವುದೆಂದಿಟ್ಟುಕೊಂಡು ಆ ವಲಯದಲ್ಲಿ ಅತಿ ಪ್ರಬಲವಾದ ಆವೃತ್ತಿಯನ್ನು ಆರಿಸುವುದು ವಾಡಿಕೆ. ನೋಡುವ ಕಾಲವು ಹೆಚ್ಚಿದಷ್ಟೂ ಉತ್ತರವು ಖಚಿತ. ಹತ್ತು ಸೆಕೆಂಡು ನೋಡಿದರೆ ಎರಡು ಆವೃತ್ತಿಗಳು ಒಂದರಿಂದೊಂದು ಬೇರೆಯಾಗಿ ಕಾಣಲು ೦.೧ ಹರ್ಟ್ಜ್, ಎಂದರೆ ನಿಮಿಷಕ್ಕೆ ಆರು ಬಡಿತಗಳ ಅಂತರವಿರಬೇಕು. ಮೂವತ್ತು ಸೆಕೆಂಡು ನೋಡಿದರೆ ಎರಡು ಬಡಿತಗಳ ಅಂತರ ಸಾಕು.

ಈ ಹುಡುಕಾಟದಲ್ಲಿ ಎರಡು ಮೋಸಗಳುಂಟು. ವಿದ್ಯಾರ್ಥಿಗಳು ಇವೆರಡನ್ನೂ ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಮೊದಲನೆಯದು ದೀಪದ ಮೋಸ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವೃತ್ತಿಯದು. ಅನೇಕ ದೀಪಗಳು ಅದಕ್ಕನುಗುಣವಾಗಿ ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ವಿದ್ಯುತ್ತಿನ ಆವೃತ್ತಿಯು ೪೯.೯ಕ್ಕೆ ಇಳಿದಿದ್ದರೆ ಮಿನುಗಾಟವು ೯೯.೮ ಆಗುತ್ತದೆ. ಸೆಕೆಂಡಿಗೆ ೨೫ ಚಿತ್ರ ತೆಗೆಯುವ ಕ್ಯಾಮರಾವು ಇದನ್ನು ನೋಡಿದರೆ ಏನಾಗುತ್ತದೆ? ೨೫ರ ನಾಲ್ಕು ಪಟ್ಟು ೧೦೦, ೯೯.೮ಕ್ಕೂ ೧೦೦ಕ್ಕೂ ಅಂತರ ೦.೨. ಚಲಚ್ಚಿತ್ರದಲ್ಲಿ ಗಾಡಿಯ ಚಕ್ರವು ನಿಧಾನವಾಗಿ ಹಿಂದಕ್ಕೆ ತಿರುಗುವಂತೆ ತೋರುವ ಹಾಗೆಯೇ ದೀಪದ ವೇಗದ ಮಿನುಗಾಟವು ೦.೨ ಹರ್ಟ್ಜಿನ ನಿಧಾನವಾದ ಏರಿಳಿತವಾಗಿ ಕಾಣುತ್ತದೆ. ನಿಮಿಷಕ್ಕೆ ಅದು ೧೨ ಸಲ. ನೆಮ್ಮದಿಯಾಗಿ ಮಲಗಿದ ಮನುಷ್ಯನ ಉಸಿರಾಟವು ನಿಮಿಷಕ್ಕೆ ೧೨ರಿಂದ ೨೦! ಅಂದರೆ ಇಂಥ ಕ್ಯಾಮರಾವನ್ನು ಒಂದು ಮರದ ಹಲಗೆಗೆ ತಿರುಗಿಸಿದರೂ ಅದು ಹಲಗೆಯು ಉಸಿರಾಡುತ್ತಿದೆಯೆಂದು ವರದಿ ಮಾಡೀತು. ೨೦೧೪ರಲ್ಲಿ ಆಕ್ಸ್‌ಫರ್ಡಿನ ಟರಸೆಂಕೋ ಮತ್ತು ಅವರ ತಂಡವು ಮೂತ್ರಪಿಂಡದ ರೋಗಿಗಳನ್ನು ಆಸ್ಪತ್ರೆಯಲ್ಲಿಯೇ ಕ್ಯಾಮರಾದಿಂದ ಪರೀಕ್ಷಿಸಿದಾಗ, ದೀಪಗಳ ಈ ಹುಸಿ ಆವೃತ್ತಿಗಳನ್ನು ತೆಗೆದುಹಾಕುವ ಗಣಿತವೇ ಅವರ ಕೆಲಸದ ಒಂದು ಮುಖ್ಯ ಭಾಗವಾಗಿತ್ತು.

ಎರಡನೆಯದು ಇಮ್ಮಡಿಯ ಮೋಸ. ತಂಬೂರಿಯ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಇಮ್ಮಡಿ ಆವೃತ್ತಿಯ ಸ್ವರವೂ ಕೇಳುವುದಷ್ಟೆ. ನಾಡಿಯ ಅಲೆಯೂ ಶುದ್ಧವಾದ ಏಕಸ್ವರವಲ್ಲ. ಅದರಲ್ಲಿಯೂ ಇಮ್ಮಡಿಯ ಅಂಶವಿದೆ. ಈಗ ಮಂಗನ ಕಾಯಿಲೆಯ ರೋಗಿಯೊಬ್ಬನ ನಾಡಿಯು ನಿಮಿಷಕ್ಕೆ ೪೮ಕ್ಕೆ ಇಳಿದಿದೆಯೆಂದು ಭಾವಿಸಿ. ಅದರ ಇಮ್ಮಡಿ ೯೬. ಅಲುಗಾಟದಿಂದಲೋ ಸೋಸುವಿಕೆಯ ದೋಷದಿಂದಲೋ ಯಂತ್ರವು ಮೂಲವನ್ನು ಬಿಟ್ಟು ಇಮ್ಮಡಿಯನ್ನು ಹಿಡಿದರೆ, ೯೬ ಎಂದು ಬರೆಯುತ್ತದೆ. ಜ್ವರದಿಂದ ನರಳುವವನ ನಾಡಿ ೯೬ ಎಂದರೆ ಯಾರೂ ಸಂಶಯಪಡುವುದಿಲ್ಲ. ಜ್ವರಕ್ಕೆ ಅದು ಸಹಜವೆಂದೇ ತೋರುತ್ತದೆ. ವೈದ್ಯರನ್ನು ಎಚ್ಚರಿಸಬೇಕಾಗಿದ್ದ ಲಕ್ಷಣವು ಹೀಗೆ ಮುಚ್ಚಿಹೋಗುತ್ತದೆ. ಅಸಂಭವವಾದ ತಪ್ಪು ತಾನಾಗಿ ಬಯಲಾಗುತ್ತದೆ; ಸಂಭವನೀಯವಾಗಿ ತೋರುವ ತಪ್ಪೇ ಅಪಾಯಕರ. ಆದ್ದರಿಂದ ಇಂಥ ಯಂತ್ರವು ಅಂಕವೊಂದನ್ನು ಹೇಳುವುದಷ್ಟೇ ಸಾಲದು. ಆ ಅಂಕದ ಅರ್ಧದ ಬಳಿಯೂ ಒಂದು ಶಿಖರವಿದೆಯೇ ಎಂದು ಪರಿಶೀಲಿಸಬೇಕು. ಸಂದೇಹವಿದ್ದರೆ "ತಿಳಿಯದು" ಎಂದು ಹೇಳುವುದನ್ನೂ ಕಲಿತಿರಬೇಕು.

ಮೈಬಣ್ಣದ ಪ್ರಶ್ನೆ

ಮೆಲನಿನ್ ಚರ್ಮದ ಮೇಲ್ಪದರದಲ್ಲಿದ್ದು, ಬೆಳಕು ಒಳಹೋಗುವಾಗಲೂ ಹೊರಬರುವಾಗಲೂ ಸುಂಕ ತೆಗೆದುಕೊಳ್ಳುತ್ತದೆ. ಮೈಬಣ್ಣವು ಕಪ್ಪಾದಷ್ಟೂ ಹೊರಬರುವ ಬೆಳಕು ಕಡಮೆ, ನಾಡಿಯ ಗುರುತು ದುರ್ಬಲ. ಗುರುತು ಅರ್ಧಕ್ಕಿಳಿದರೆ ಮೊದಲಿನ ಸ್ಪಷ್ಟತೆಯನ್ನು ಪಡೆಯಲು ಕಣಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಬೇಕು. ೨೦೨೦ರಲ್ಲಿ ನೊವಾರಾ, ಮೆಕ್‌ಡಫ್, ವೀರರಾಘವನ್ ಇವರು ಪ್ರಕಟಿಸಿದ ವಿಮರ್ಶೆಯಲ್ಲಿ ಅತಿ ಕಪ್ಪು ಮೈಬಣ್ಣದವರಲ್ಲಿ ಕ್ಯಾಮರಾದ ಅಳತೆಯು ಕೆಡುತ್ತದೆಂದು ಕಂಡುಬಂತು. ಅದೇ ವರ್ಷ, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿಯೂ ಕಪ್ಪು ಜನರ ಆಮ್ಲಜನಕದ ಕೊರತೆಯು ಬಿಳಿಯರದಕ್ಕಿಂತ ಹೆಚ್ಚು ಸಲ ಗಮನಕ್ಕೆ ಬಾರದೆ ಹೋಗುತ್ತದೆಂದು ಅಮೆರಿಕದ ವೈದ್ಯರು ತೋರಿಸಿದರು.

ಬಿಸಿಲಿನಲ್ಲಿ ತೋಟದ ಕೆಲಸ ಮಾಡುವವರು, ಕಾಡಿಗೆ ಸೌದೆಗೆ ಹೋಗುವವರು, ಇವರೇ ಮಂಗನ ಕಾಯಿಲೆಗೆ ಹೆಚ್ಚಾಗಿ ಗುರಿಯಾಗುವವರು. ಬಿಳಿಯ ಮೈಬಣ್ಣದವರ ಮೇಲೆ ಪರೀಕ್ಷಿಸಿ ಸರಿಯೆಂದ ಉಪಕರಣವು ಇವರಲ್ಲಿಯೂ ಸರಿಯೆಂದು ಭಾವಿಸುವುದು ವಿಜ್ಞಾನವಲ್ಲ. ಎಲ್ಲಿ ಉಪಯೋಗಿಸಬೇಕೋ ಅಲ್ಲಿಯ ಜನರಲ್ಲಿ, ಅಲ್ಲಿಯ ಬೆಳಕಿನಲ್ಲಿ, ಬೆರಳಿನಿಂದ ಎಣಿಸಿದ ನಾಡಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಅದನ್ನು ನಂಬತಕ್ಕದ್ದು.

ಇತರ ಮಾರ್ಗಗಳು

ಮುಟ್ಟದೆ ನೋಡುವುದಕ್ಕೆ ಬೆಳಕೊಂದೇ ದಾರಿಯಲ್ಲ. ಬೆಂಗಳೂರಿನಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ಡೋಝೀ ಎಂಬ ಸಂಸ್ಥೆಯು ಹಾಸಿಗೆಯ ಅಡಿಯಲ್ಲಿಡುವ ಒಂದು ತೆಳುವಾದ ಹಾಳೆಯನ್ನು ತಯಾರಿಸಿತು. ಹೃದಯವು ರಕ್ತವನ್ನು ಒಂದು ಕಡೆಗೆ ತಳ್ಳಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ ದೇಹವು ಇನ್ನೊಂದು ಕಡೆಗೆ ಅತ್ಯಲ್ಪವಾಗಿ ಹಿಮ್ಮೆಟ್ಟುತ್ತದೆ. ಆ ಅದುರನ್ನು ಹಾಳೆಯು ಗ್ರಹಿಸುತ್ತದೆ. ಇದಕ್ಕೆ ಬೆಳಕು ಬೇಡ, ಮೈಬಣ್ಣದ ಭೇದವಿಲ್ಲ, ರೋಗಿಯ ಮುಖದ ಚಿತ್ರವೂ ಬೇಡ. ಆದರೆ ಹಾಸಿಗೆ ಬಿಟ್ಟೆದ್ದವನನ್ನು ಅದು ನೋಡಲಾರದು. ಕ್ಯಾಮರಾವಾದರೋ ಅಂಟುಪಟ್ಟಿಯನ್ನೂ ತಾಳಲಾರದ ಎಳೆಚರ್ಮದ, ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ವಿಶೇಷವಾಗಿ ಉಪಯುಕ್ತ. ಈ ದಿಕ್ಕಿನಲ್ಲಿ ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ.

ಸಾಧಾರಣ ಕ್ಯಾಮರಾವು ಜ್ವರವನ್ನು ಅಳೆಯಲಾರದು. ೩೭ ಡಿಗ್ರಿ ಸೆಲ್ಸಿಯಸ್, ಎಂದರೆ ೩೧೦ ಕೆಲ್ವಿನ್ ಉಷ್ಣತೆಯ ದೇಹವು ಹೊರಸೂಸುವ ಕಿರಣವು ವೀನನ ನಿಯಮದಂತೆ ಸುಮಾರು ೯.೩ ಮೈಕ್ರೋಮೀಟರ್ ತರಂಗದೂರದ ಬಳಿ ಅತ್ಯಧಿಕ. ಅದನ್ನು ಕಾಣಲು ಬೇರೆಯೇ ಬಗೆಯ ಕ್ಯಾಮರಾ ಬೇಕು. ರಕ್ತದ ಒತ್ತಡವನ್ನು ಮುಖದ ಚಿತ್ರದಿಂದ ಹೇಳುವ ಪ್ರಯತ್ನಗಳು ನಡೆದಿದ್ದರೂ ತೋಳಿಗೆ ಸುತ್ತುವ ಪಟ್ಟಿಯ ಸ್ಥಾನವನ್ನು ಅವು ಇನ್ನೂ ಪಡೆದಿಲ್ಲ. ಇನ್ನೊಂದು ಎಚ್ಚರಿಕೆ: ಯಾವ ವೀಡಿಯೋದಿಂದಲಾದರೂ ನಾಡಿಯನ್ನು ತೆಗೆಯಬಹುದಾದ ಮೇಲೆ, ಒಪ್ಪಿಗೆಯಿಲ್ಲದೆ ಒಬ್ಬರ ಆರೋಗ್ಯವನ್ನು ಇಣುಕಿ ನೋಡುವುದೂ ಸಾಧ್ಯವಾಯಿತು. ಅಂಕವನ್ನು ಉಳಿಸಿಕೊಂಡು ಚಿತ್ರವನ್ನು ಅಳಿಸಿಬಿಡುವುದು ಒಳ್ಳೆಯ ಕ್ರಮ.

ನೀವೇ ಮಾಡಿ ನೋಡಿ

ಹಗಲಿನಲ್ಲಿ, ವಿದ್ಯುದ್ದೀಪವನ್ನು ಆರಿಸಿ, ಜಗಲಿಯ ಅಥವಾ ಕಿಟಕಿಯ ಬೆಳಕಿಗೆ ಮುಖಮಾಡಿ ಒಬ್ಬ ಮಿತ್ರನನ್ನು ಕೂರಿಸಿರಿ. ನೇರ ಬಿಸಿಲು ಬೇಡ. ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳ ರಾಶಿಗೆ ಒರಗಿಸಿ, ಎರಡು ಅಡಿ ದೂರದಿಂದ ೩೦ ಸೆಕೆಂಡು ಚಿತ್ರಿಸಿರಿ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಮಿತ್ರನ ಮಣಿಕಟ್ಟಿನ ನಾಡಿಯನ್ನು ಎಣಿಸಿ ಬರೆದುಕೊಳ್ಳಲಿ. ಬಳಿಕ ಗಣಕಯಂತ್ರದಲ್ಲಿ ಹಣೆಯ ಚೌಕದ ಹಸುರು ಹೊಳಪಿನ ಸರಾಸರಿಯನ್ನು ಪ್ರತಿ ಚಿತ್ರಕ್ಕೂ ತೆಗೆದು, ಕಾಲದೊಡನೆ ನಕ್ಷೆ ಬರೆದು, ಶಿಖರಗಳನ್ನು ಎಣಿಸಿರಿ. ಕೊನೆಯಲ್ಲಿ ಮಿತ್ರನ ಜಾಗದಲ್ಲಿ ಒಂದು ಅಡಕೆಹಾಳೆಯನ್ನಿಟ್ಟು ಇದನ್ನೆಲ್ಲ ಮತ್ತೊಮ್ಮೆ ಮಾಡಿರಿ. ಹಾಳೆಗೂ ನಾಡಿಯು ಸಿಕ್ಕಿದರೆ ನಿಮ್ಮ ಕ್ರಮದಲ್ಲಿ ದೋಷವಿದೆಯೆಂದು ತಿಳಿಯಿರಿ. ಇದು ಕಲಿಕೆಯ ಪ್ರಯೋಗ ಮಾತ್ರ. ಜ್ವರ ಬಂದವರನ್ನು ವೈದ್ಯರಲ್ಲಿಗೇ ಕರೆದೊಯ್ಯಬೇಕು.

ಅಭ್ಯಾಸಕ್ಕೆ ಮೂರು ಲೆಕ್ಕಗಳು

೧. ನಿಮಿಷಕ್ಕೆ ೭೨ ಮತ್ತು ೭೫ ಬಡಿತಗಳನ್ನು ಬೇರ್ಪಡಿಸಿ ತಿಳಿಯಲು ಎಷ್ಟು ಸೆಕೆಂಡು ಚಿತ್ರಿಸಬೇಕು?

೨. ವಿದ್ಯುತ್ತಿನ ಆವೃತ್ತಿ ೪೯.೯೫ ಆಗಿದ್ದು, ಕ್ಯಾಮರಾವು ಸೆಕೆಂಡಿಗೆ ೨೫ ಚಿತ್ರ ತೆಗೆದರೆ, ದೀಪದ ಹುಸಿ ಏರಿಳಿತವು ನಿಮಿಷಕ್ಕೆ ಎಷ್ಟು ಸಲ?

೩. ಒಬ್ಬರ ಚರ್ಮದಲ್ಲಿ ನಾಡಿಯ ಗುರುತು ಮೂರನೆಯ ಒಂದು ಭಾಗಕ್ಕೆ ಇಳಿದರೆ, ಅದೇ ಸ್ಪಷ್ಟತೆಗೆ ಎಷ್ಟು ಪಟ್ಟು ಕಣಗಳು ಬೇಕು?

ಉತ್ತರಗಳು: ೧. ೨೦ ಸೆಕೆಂಡು. ೨. ೬ ಸಲ. ೩. ೯ ಪಟ್ಟು.